ನಮ್ಮ ಬಸ್ಸಿನಲ್ಲಿ ಅವರ ವೋಟು

ಇದನ್ನು ನಾನು ಇಷ್ಟಪಟ್ಟು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಇದು ಶಿಕ್ಷೆ. ಅರವತ್ತು ತುಂಬಿದ, ಮೊಮ್ಮಗಳಿರುವ ಮನುಷ್ಯನಿಗೆ ಮೇಷ್ಟರು ಕೊಡುವಂಥ ಶಿಕ್ಷೆ. ಕೊಟ್ಟವರು ಸುಮಿತ್ರಾ ಟೀಚರ್. "ನಿಮ್ಮ ಕೆಲ್ಸದ ಬಗ್ಗೆ ಬರೀರಿ. ಪೂರ್ತಿ ಕನ್ನಡದಲ್ಲಿ. ಆ ಕೆಲ್ಸಕ್ಕೆ ಹೊಸದಾಗಿ ಸೇರೋರಿಗೆ ಉಪಯೋಗ ಆಗ್ಬೇಕು" ಎಂದರು. ನಾನು ಮಾಡಿದ ತಪ್ಪಿಗೆ ಇದು ಕಡಿಮೆಯೇ ಆಯಿತು. ಆ ತಪ್ಪನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ನೆನೆಸಿಕೊಂಡರೆ ನಗು ಬಂದು ಪೆನ್ನು ಅಲ್ಲಾಡುತ್ತದೆ.

ನನ್ನ ಹೆಸರು ಹಮೀದ್, ಊರು ಉಪ್ಪಿನಂಗಡಿ. ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಇಪ್ಪತ್ತೇಳು ವರ್ಷ ಟ್ರಾನ್ಸ್‌ಪೋರ್ಟ್ ಡೆಸ್ಕಿನಲ್ಲಿದ್ದೆ. ಯಾವ ಬಸ್ಸು ಕೆಲಸಗಾರರ ಯಾವ ಕ್ಯಾಂಪಿಗೆ ಹೋಗಬೇಕು, ಎಷ್ಟು ಜನರನ್ನು ಯಾವ ಸೈಟಿಗೆ ಮುಟ್ಟಿಸಬೇಕು, ಸಂಜೆ ಯಾರನ್ನು ಎಲ್ಲಿಂದ ಎತ್ತಬೇಕು, ಇಷ್ಟೇ ಕೆಲಸ. ಇಷ್ಟೇ ಎಂದೆನಲ್ಲ, ಸೇರಿ ನೋಡಿ ಗೊತ್ತಾಗುತ್ತದೆ. ಬೇಗ ಬಂದರೆ ಯಾರೂ ಹೊಗಳುವುದಿಲ್ಲ, ಐದು ನಿಮಿಷ ತಡವಾದರೆ ಆರು ಭಾಷೆಗಳಲ್ಲಿ ಬೈಗುಳ ಬರುತ್ತದೆ. ಆರೂ ಭಾಷೆಗಳಲ್ಲಿ ಉತ್ತರ ಕೊಡಲು ಕಲಿತ ದಿನ ನೀವು ಪಕ್ಕಾ ಆದಿರಿ ಎಂದು ತಿಳಿಯಿರಿ.

ನನಗೆ ಕೆಲಸ ಕಲಿಸಿದವರು ಸಿದ್ದೀಗ್ ಸಾಹೇಬರು. ಸುಡಾನಿನವರು, ಬಾಗಿಲಿನಷ್ಟು ಎತ್ತರ, ದನಿ ಮಾತ್ರ ಮಲಗಿದ ಮಗು ಏಳಬಾರದು ಎನ್ನುವ ಹಾಗೆ. ಅವರಿಗೆ ಎರಡೇ ನಿಯಮ. ಮೊದಲನೆಯದು, ನಿಮ್ಮ ಸ್ಟಾಪಿನಲ್ಲಿ ಬಿಸಿಲಲ್ಲಿ ನಿಂತವನನ್ನು ಬಿಟ್ಟು ಹೋಗಬಾರದು. ನಮ್ಮ ಕಂಪನಿಯವನೋ ಪಕ್ಕದ ಕಂಪನಿಯವನೋ, ಸೀಟಿದ್ದರೆ ಹತ್ತಿಸಿಕೊಳ್ಳಬೇಕು. ಎರಡನೆಯದು, ಎಲ್ಲರೂ ಇಳಿದ ಮೇಲೆ ಒಬ್ಬ ಹಿಂದಿನ ಸೀಟಿನವರೆಗೂ ನಡೆದು ಹೋಗಿ, ಪ್ರತಿ ಸೀಟಿನ ಕೆಳಗೆ ಬಗ್ಗಿ ನೋಡಿ, ಆಮೇಲೆ ಬಾಗಿಲು ಹಾಕಬೇಕು.

ಎರಡನೆಯ ನಿಯಮದ ಬೆಲೆ ನನಗೆ ಮೊದಲ ವರ್ಷವೇ ತಿಳಿಯಿತು. ಒಂದು ಬೆಳಿಗ್ಗೆ ಸೈಟಿನಲ್ಲಿ ತಲೆ ಎಣಿಸಿ ಮೂವತ್ತೊಂದು ಎಂದು ಬರೆದೆ. ಹತ್ತಿದ್ದವರು ಮೂವತ್ತೆರಡು. ಬಸ್ಸು ಯಾರ್ಡಿಗೆ ಬಂತು, ಡ್ರೈವರ್ ಬೀಗ ಹಾಕಿ ಚಹಾಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಯಾರ್ಡಿನಲ್ಲಿ ಹಾರನ್ ಶುರುವಾಯಿತು, ನಿಲ್ಲುವ ಲಕ್ಷಣವೇ ಇಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ಬಿಹಾರದ ಬಡಗಿಯೊಬ್ಬ ಎದ್ದು, ಬೆವರಿ ತೊಯ್ದು, ಎರಡೂ ಕೈಯಲ್ಲಿ ಹಾರನ್ ಒತ್ತುತ್ತಿದ್ದ. ಜೂನ್ ತಿಂಗಳು. ಇನ್ನರ್ಧ ಗಂಟೆ ಮಲಗಿದ್ದರೆ ಏನಾಗುತ್ತಿತ್ತೋ. ಸಿದ್ದೀಗ್ ಸಾಹೇಬರು ನನಗೆ ಬೈಯಲಿಲ್ಲ. ಆ ಬಡಗಿಗೆ ನನ್ನ ಕೈಯಿಂದಲೇ ಮಜ್ಜಿಗೆ ಕೊಡಿಸಿದರು. ಅವನು ಕುಡಿದು ಮುಗಿಸುವ ತನಕ ಎದುರಿಗೆ ನಿಲ್ಲಿಸಿದರು. ಅಂದಿನಿಂದ ಬಸ್ಸಿನ ಸೀಟಿನ ಕೆಳಗೆ ಬಗ್ಗದೆ ಬಾಗಿಲು ಹಾಕಿದವನಲ್ಲ ನಾನು. ಮಗನ ಕಾರಿನಿಂದ ಇಳಿಯುವಾಗಲೂ ಬಗ್ಗಿ ನೋಡುತ್ತೇನೆ, ಸೊಸೆ ನಗುತ್ತಾಳೆ.

ಇನ್ನು ದಾರಿಯ ವಿಷಯ. ಆಗ ದೋಹಾ ಎಂದರೆ ರೌಂಡಬೌಟುಗಳ ಊರು. ನಾವು ಅವಕ್ಕೆ ನಮ್ಮದೇ ಹೆಸರಿಟ್ಟಿದ್ದೆವು. ಮೂಲೆಯಲ್ಲಿ ಒಳ್ಳೆಯ ಕೆಫೆಟೇರಿಯಾ ಇದ್ದದ್ದು ಚಾಯದ ರೌಂಡಬೌಟ್, ನನ್ನ ಡ್ರೈವರ್ ಎರಡು ಸಲ ಗುದ್ದಿದ್ದು ಮದುಮಗನ ರೌಂಡಬೌಟ್. ಅವನಿಗೆ ಆಗಷ್ಟೇ ಮದುವೆಯಾಗಿತ್ತು. ನನ್ನ ತಲೆಯೇ ನಕ್ಷೆ. ಆಮೇಲೆ ರೌಂಡಬೌಟು ಕಿತ್ತು ಸಿಗ್ನಲ್ ಮಾಡಿದರು, ಸಿಗ್ನಲ್ ಕಿತ್ತು ಸೇತುವೆ ಕಟ್ಟಿದರು, ಸೇತುವೆಯ ಅಡಿಗೆ ಸುರಂಗ ತೋಡಿದರು. ಕಂಪನಿ ಪ್ರತಿ ಬಸ್ಸಿಗೂ ಒಂದೊಂದು ಮ್ಯಾಪಿನ ಪರದೆ ಅಂಟಿಸಿತು. ನಾನು ಅದನ್ನು ನೋಡಲೇ ಇಲ್ಲ. ನಿನ್ನೆ ಮೊನ್ನೆ ಬಂದ ಪರದೆ ನನಗೆ ನಜ್ಮಾ ಬಡಾವಣೆಯ ದಾರಿ ತೋರಿಸುವುದೇ ಎಂದು ಕೊಬ್ಬು. ಹೊಸಬರೇ, ಈ ಕೊಬ್ಬಿನ ಕಥೆಯೂ ಮುಂದೆ ಬರುತ್ತದೆ.

ಈಗ ಚುನಾವಣೆಗೆ ಬರೋಣ. ದೋಹಾದ ನಮ್ಮ ಕನ್ನಡ ಸಂಘದಲ್ಲಿ ಎರಡು ಗುಂಪು. ದೊಡ್ಡ ಗುಂಪನ್ನು ನಾವು ಗತ್ತಿನಿಂದ ಪಕ್ಷ ಎನ್ನುತ್ತಿದ್ದೆವು. ಪಕ್ಷವೆಂದ ಮೇಲೆ ಒಡೆಯಬೇಕಲ್ಲ, ಅದೂ ಆಯಿತು. ಘಟ್ಟದ ಮೇಲಿನವರು ಒಂದು ಕಡೆ, ಘಟ್ಟದ ಕೆಳಗಿನವರು ಒಂದು ಕಡೆ. ಒಂದೇ ಸಭೆಯಲ್ಲಿ ಅವರಿಗೆ ಕೇಸರಿಬಾತ್, ನಮಗೆ ನೀರುದೋಸೆ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಮೂರು ಸಭೆ ಕಳೆದರೂ ತೀರ್ಮಾನವಾಗದೆ, ಕೊನೆಗೆ ಒಳಗೊಳಗೇ ಒಂದು ಚುನಾವಣೆ ಮಾಡಿಬಿಡೋಣ ಎಂದಾಯಿತು. ಇಲ್ಲಿ ಗೆದ್ದವರು ಪಕ್ಷದ ಅಭ್ಯರ್ಥಿ. ಎದುರು ಗುಂಪು ಎಷ್ಟು ಚಿಕ್ಕದೆಂದರೆ, ಇಲ್ಲಿ ಗೆದ್ದವರು ಅಧ್ಯಕ್ಷರಾದಂತೆಯೇ ಲೆಕ್ಕ.

ನಿಂತವರು ಇಬ್ಬರು. ಒಬ್ಬರು ರಾಜಶೇಖರ್ ಸರ್. ಬೆಂಗಳೂರಿನವರು, ದೊಡ್ಡ ಕಚೇರಿಯಲ್ಲಿ ಮ್ಯಾನೇಜರ್, ಇಸ್ತ್ರಿ ಮುರಿಯದ ಅಂಗಿ, ಜಗಳವಾಡಲು ಬಂದವನಿಗೂ ಕುರ್ಚಿ ಎಳೆದು ಕೊಡುವ ಮನುಷ್ಯ. ಕರಾವಳಿಯ ನಾಯಕರೊಬ್ಬರಿಗೆ ಉಪಾಧ್ಯಕ್ಷ ಸ್ಥಾನದ ಮಾತು ಕೊಟ್ಟು ಎರಡೂ ಕಡೆಯ ವೋಟು ಕಟ್ಟಿಕೊಂಡಿದ್ದರು. ಇನ್ನೊಬ್ಬರು ಸುಮಿತ್ರಾ ಟೀಚರ್. ಮೈಸೂರಿನವರು, ಇಲ್ಲಿಯ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು. ಮದೀನತ್ ಖಲೀಫಾದಲ್ಲಿ ಸಂಘದ ವಿಲ್ಲಾ ಉಂಟಲ್ಲ, ಅದರ ಮೂಲೆಯ ಕೋಣೆಯಲ್ಲಿ ಶುಕ್ರವಾರ ಬೆಳಿಗ್ಗೆ ಕನ್ನಡ ತರಗತಿ ನಡೆಸುತ್ತಿದ್ದರು. ಮಕ್ಕಳು ಏಳು. ಎಂಟನೆಯವನು ನಾನು.

ನಾಚಿಕೆ ಇಲ್ಲದೆ ಹೇಳುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮನೆಯಲ್ಲಿ ಬ್ಯಾರಿ, ಮುಂಬೈಯಲ್ಲಿ ಹಿಂದಿ, ಇಲ್ಲಿ ಇಪ್ಪತ್ತೇಳು ವರ್ಷ ಟ್ರಿಪ್ ಶೀಟಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ. ಕನ್ನಡ ಮಾತು ಉಳಿದಿತ್ತು, ಅಕ್ಷರ ಹೋಗಿತ್ತು. ಮೊಮ್ಮಗಳನ್ನು ಸೇರಿಸಲು ಹೋದಾಗ ಟೀಚರ್ ಫಾರಂ ಕೊಟ್ಟು ತುಂಬಿಸಿ ಎಂದರು. ನಾನು ಕನ್ನಡಕ ತಂದಿಲ್ಲ ಎಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಟೀಚರ್ ಏನೂ ಕೇಳಲಿಲ್ಲ. "ಹಿಂದಿನ ಬೆಂಚು ಖಾಲಿ ಇದೆ, ಕೂತ್ಕೊಳ್ಳಿ ಹಮೀದ್ ಅವ್ರೇ" ಎಂದರು.

ರಾಜಶೇಖರ್ ಸರ್ ಗೆದ್ದರೆ ಆ ಕೋಣೆ ಹೋಗುತ್ತಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. "ಏಳು ಮಕ್ಕಳಿಗೆ ಒಂದು ಇಡೀ ರೂಮಾ ಹಮೀದ್ ಭಾಯ್? ಆನ್‌ಲೈನ್ ಮಾಡೋಣ. ಆ ಜಾಗದಲ್ಲಿ ಒಂದು ಒಳ್ಳೆ ಸ್ಟುಡಿಯೋ ಬರುತ್ತೆ" ಎಂದು ನನಗೇ ಹೇಳಿದರು. ಪಕ್ಕದಲ್ಲೇ ಇದ್ದ ಟೀಚರ್ ಎಂಟು ಎಂದು ತಿದ್ದಿದರು. ಮರುದಿನ ಚುನಾವಣೆಗೆ ಹೆಸರು ಕೊಟ್ಟರು.

ಎರಡು ವಾರ ಮುಂಚೆ ಪಕ್ಷದ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಜನಾಭಿಪ್ರಾಯ ಕೇಳಿದರು. ರಾಜಶೇಖರ್ ಸರ್‌ಗೆ ನಲವತ್ತೊಂಬತ್ತು, ಟೀಚರಿಗೆ ಹದಿನಾರು. ನಾನು ಫೋನು ಮಗುಚಿಟ್ಟೆ. ಟೀಚರ್ ಮಾತ್ರ, "ಹದಿನಾರು ಜನ ಇದಾರಾ!" ಎಂದು ಕಣ್ಣರಳಿಸಿದರು.

ಅವರ ಪ್ರಚಾರಕ್ಕೆ ನಾನೇ ಸಾರಥಿ. ಅಯ್ಯೋ, ಅದೇನು ಪ್ರಚಾರ! ಅವರು ವೋಟು ಕೇಳಲು ಹೋಗಿ ಬೈದು ಬರುತ್ತಿದ್ದರು. ನಜ್ಮಾದಲ್ಲಿ ಟೈಲರ್ ಅಂಗಡಿ ಇಟ್ಟಿರುವ ಮೊಯ್ದಿನಾಕ, ಆಕ ಎಂದರೆ ನಮ್ಮಲ್ಲಿ ಅಣ್ಣ, ಚಹಾ ತರಿಸಿ, ಕುರ್ಚಿ ಒರೆಸಿ ಕೂರಿಸಿದರು. ಟೀಚರ್ ಕೂತವರೇ, "ನಿಮ್ಮ ಮಗ ಮೂರು ಶುಕ್ರವಾರದಿಂದ ನಾಪತ್ತೆ. ಎಲ್ರೀ ಅವ್ನು?" ಎಂದರು. ಮೊಯ್ದಿನಾಕ ಬಾಯಲ್ಲಿದ್ದ ಪಿನ್ನು ತೆಗೆದು, ತಾವೇ ತಪ್ಪು ಮಾಡಿದ ಹಾಗೆ ಎದ್ದು ನಿಂತರು. ಹೊರಗೆ ಬಂದ ಮೇಲೆ ನಾನು ಅಂಗಲಾಚಿದೆ.

"ಟೀಚರ್, ವೋಟು ಕೇಳ್ಬೇಕಿತ್ತಲ್ಲ?"

"ಅಯ್ಯೋ, ಮರ್ತೇ ಹೋಯ್ತು ಕಣ್ರೀ."

ನನ್ನ ಕಡೆಯ ಕೆಲಸ ನಾನು ವೃತ್ತಿಗೆ ತಕ್ಕಂತೆ ಮಾಡಿದೆ. ಟ್ರಿಪ್ ಶೀಟ್ ಹಾಕಿದೆ. ಹೆಸರು, ಎಲ್ಲಿಂದ ಎತ್ತಬೇಕು, ಎಷ್ಟು ಗಂಟೆಗೆ, ಷರಾ. ಷರಾದಲ್ಲಿ ಮೂರು ಬಗೆ: ಖಾತ್ರಿ, ಅನುಮಾನ, ಇನ್ಶಾ ಅಲ್ಲಾ. ಮೂರನೆಯ ಬಗೆಯವರೇ ಹೆಚ್ಚು, ಅದರಲ್ಲಿ ಘಟ್ಟದ ಮೇಲಿನ ಗೌಡರೂ ಇದ್ದರು. ಅಷ್ಟರಲ್ಲಿ ನಾನು ಕೆಲಸ ಬಿಡಲು ಒಂದು ತಿಂಗಳಿತ್ತು. ಸಿದ್ದೀಗ್ ಸಾಹೇಬರ ಬಳಿ ಹೋಗಿ ಒಂದು ಶುಕ್ರವಾರಕ್ಕೆ ಒಂದು ಬಸ್ಸು ಬೇಕು ಎಂದೆ. ಏಕೆಂದು ಕೇಳಿದರು. ಹೇಳಿದೆ.

"ನಿನ್ನ ಮನುಷ್ಯ ಗೆಲ್ಲುತ್ತಾನಾ, ಯಾ ಹಮೀದ್?"

"ಮನುಷ್ಯ ಅಲ್ಲ ಸಾಹೇಬ್, ಹೆಂಗಸು. ಗೆಲ್ಲುವ ಅಂದಾಜು ಮಾಫಿ, ಇಲ್ಲವೇ ಇಲ್ಲ."

"ಹಾಗಾದರೆ ತೆಗೆದುಕೊಂಡು ಹೋಗು. ಗೆಲ್ಲುವವನಿಗೆ ಬಸ್ಸು ಯಾಕೆ?" ಎಂದು ಕೀಲಿ ಕೈಗಿಟ್ಟರು. ಜೊತೆಗೆ ಡ್ರೈವರ್ ಅಶ್ರಫನನ್ನೂ ಕಳಿಸಿದರು. ಕಾಸರಗೋಡಿನವನು, ಹೊಸ ತಲೆಮಾರು, ಪರದೆ ನೋಡದೆ ಗೇರು ಹಾಕುವವನಲ್ಲ.

ಮತದಾನ ಮಧ್ಯಾಹ್ನ ಎರಡರಿಂದ ಐದರವರೆಗೆ, ಸಂಘದ ಆ ವಿಲ್ಲಾದಲ್ಲೇ. ಚುನಾವಣಾಧಿಕಾರಿ ಒಬ್ಬ ದಂತವೈದ್ಯರು. ಐದಕ್ಕೆ ಬಾಗಿಲು ಹಾಕುತ್ತೇನೆ, ಒಳಗಿದ್ದವರಿಗಷ್ಟೇ ವೋಟು ಎಂದು ಮೊದಲೇ ಹೇಳಿದ್ದರು. ಅವರ ಮಾತಿಗೆ ಹಲ್ಲು ಕೀಳುವ ಗಟ್ಟಿತನ. ಮೊದಲ ಎರಡು ಟ್ರಿಪ್ ಹೂವಿನ ಹಾಗೆ ಆದವು. ಮೂರನೆಯದು ಕೊನೆಯದು. ನಜ್ಮಾದಲ್ಲಿ ಮೊಯ್ದಿನಾಕ ಸೇರಿ ಹದಿನಾಲ್ಕು ಮಂದಿ ಹತ್ತಿದರು. ಟೀಚರೂ ಮುಂದಿನ ಸೀಟಿನಲ್ಲಿದ್ದರು, ಜನ ಇಳಿದು ಓಡಿಹೋಗದಿರಲಿ ಎಂದು. ದೋಹಾ ಅಲ್ ಜದೀದಾದ ಸ್ಟಾಪಿನಲ್ಲಿ ನಮ್ಮವರು ಇಬ್ಬರು ಹತ್ತಬೇಕಿತ್ತು. ಬಸ್ಸು ನಿಂತಿತು. ಇಬ್ಬರ ಪಕ್ಕದಲ್ಲಿ ಒಂಬತ್ತು ಮಂದಿ ರಾಜಶೇಖರ್ ಸರ್ ಬಣದವರು ಬೆವರು ಒರೆಸುತ್ತ ನಿಂತಿದ್ದರು. ಅವರನ್ನು ಕರೆದೊಯ್ಯಬೇಕಿದ್ದ ಎರಡು ಕಾರು ಬಂದೇ ಇಲ್ಲ. ಮುಂದಾಳು ಶಿವಣ್ಣ, ಮಂಡ್ಯದ ಎಲೆಕ್ಟ್ರಿಷಿಯನ್, ದನಿ ಎಂದರೆ ದನಿ.

"ಹಾಕಿ ಬಾಗಿಲು, ಯಲ್ಲಾ ಹೋಗುವಾ!" ಎಂದು ಹಿಂದಿನಿಂದ ಮೊಯ್ದಿನಾಕ ಕೂಗಿದರು. "ಒಂಬತ್ತು ವೋಟು ಮಾರಾಯ್ರೆ! ಅಲ್ಲೇ ಒಣಗ್ಲಿ!"

ನನ್ನ ಕೈ ಬಾಗಿಲ ಮೇಲಿತ್ತು. ಎಳೆದರೆ ಮುಗಿಯಿತು. ಟೀಚರನ್ನು ನೋಡಿದೆ. ಅವರು ನನ್ನನ್ನು ನೋಡಿದರು.

"ಏನ್ ನೋಡ್ತೀರಿ? ಬಿಸಿಲಲ್ಲಿ ನಿಂತಿದಾರೆ. ಹತ್ತಿಸ್ಕೊಳ್ಳಿ."

ಸಿದ್ದೀಗ್ ಸಾಹೇಬರೇ ಸೀರೆ ಉಟ್ಟು ಕೂತಂತೆ ಕಂಡಿತು. ಹತ್ತಿಸಿಕೊಂಡೆ. ಮೊಯ್ದಿನಾಕ ತಲೆಯ ಮೇಲೆ ಕೈ ಹೊತ್ತರು.

ಅಲ್ಲಿಂದ ಮದೀನತ್ ಖಲೀಫಾಕ್ಕೆ ಎಷ್ಟು ದೂರ? ಇಪ್ಪತ್ತು ನಿಮಿಷ. ಗಂಟೆ ಮೂರು ಮುಕ್ಕಾಲು. ಅಶ್ರಫ್ ಪರದೆ ನೋಡಿ, "ಹಮೀದಾಕ, ಇದು ಬಲಕ್ಕೆ ತೋರಿಸ್ತಾ ಉಂಟು" ಎಂದ. ನಾನು, "ಅದಕ್ಕೆ ಎಂತ ಗೊತ್ತು? ಚಾಯದ ರೌಂಡಬೌಟಿನಲ್ಲಿ ಎಡಕ್ಕೆ ತಗೊ, ಸೀದಾ ಹೋಗ್ತದೆ" ಎಂದೆ. ಚಾಯದ ರೌಂಡಬೌಟ್ ಬರಲಿಲ್ಲ. ಅದರ ಜಾಗದಲ್ಲಿ ಒಂದು ಸುರಂಗ ಬಾಯಿ ತೆರೆದಿತ್ತು. ಒಳಗೆ ಹೋದೆವು. ಹೊರಬಂದಾಗ ಉತ್ತರಕ್ಕೆ ಹೋಗುವ ದೊಡ್ಡ ಹೆದ್ದಾರಿ. ತಿರುಗಲು ಜಾಗವಿಲ್ಲ, ನಿಲ್ಲಲು ಜಾಗವಿಲ್ಲ. ಸ್ವಲ್ಪ ಹೊತ್ತಿಗೆ ಉಮ್ ಸಲಾಲ್ ಎಂಬ ಬೋರ್ಡು ಬಂತು. ಇಪ್ಪತ್ತೇಳು ವರ್ಷದ ಅನುಭವಿ ನಾನು, ಇಪ್ಪತ್ತೈದು ವೋಟು ಮತ್ತು ಒಬ್ಬ ಅಭ್ಯರ್ಥಿಯ ಸಮೇತ ಊರಾಚೆಯ ಅಲ್ ಖೋರ್ ಕಡೆಗೆ ಹೊರಟಿದ್ದೆ.

ಶಿವಣ್ಣ ಎದ್ದು ನಿಂತ. "ಏನಣ್ಣೋ, ಎಲ್ಲಿಗ್ ಕರ್ಕೊಂಡ್ ಹೋಯ್ತಾ ಇದೀರಾ? ನಮ್ ವೋಟ್ ತಪ್ಸಕ್ಕಾ?" ಎಂದವನೇ ಫೋನು ತೆಗೆದ. "ಸಾರ್, ನಮ್ಮನ್ನ ಎತ್ತಾಕ್ಕೊಂಡ್ ಹೋಯ್ತಾವ್ರೆ ಸಾರ್! ಮರುಭೂಮಿ ಕಾಣ್ತಾ ಐತೆ!"

ಸ್ಪೀಕರಿನಲ್ಲಿ ರಾಜಶೇಖರ್ ಸರ್ ದನಿ ಬಂತು. "ಹಮೀದ್ ಭಾಯ್, ಇದೆಲ್ಲ ಸರಿಯಲ್ಲ. ಎಷ್ಟು ಮಂದಿ ಇದೀರಾ?" ನಮ್ಮವರು ಹದಿನಾರು, ನಿಮ್ಮವರು ಒಂಬತ್ತು ಎಂದೆ. ಒಬ್ಬ ಬುದ್ಧಿವಂತ ತನ್ನ ಹದಿನಾರು ವೋಟು ಕಳೆದುಕೊಂಡು ಎದುರಾಳಿಯ ಒಂಬತ್ತನ್ನು ಅಪಹರಿಸುತ್ತಾನೆಯೇ ಎಂದು ಅವರು ಲೆಕ್ಕ ಹಾಕುತ್ತಿದ್ದರೇನೋ. ಕೊನೆಗೆ, "ಬೇಗ ಬನ್ನಿ, ಟೈಮ್ ಜಾಸ್ತಿ ಕೊಡೋಕೆ ಡಾಕ್ಟ್ರು ಒಪ್ತಾ ಇಲ್ಲ" ಎಂದರು. ಆಗ ಬಸ್ಸಿನಲ್ಲಿ ಮೊದಲು ನಕ್ಕವನು ಶಿವಣ್ಣನೇ. ಆಮೇಲೆ ಯಾರು ನಗಲಿಲ್ಲ ಎಂದು ಕೇಳಿ. ಮೊಯ್ದಿನಾಕ ಕಣ್ಣೊರೆಸಿಕೊಳ್ಳಲು ಶಿವಣ್ಣನ ಕರವಸ್ತ್ರ ಇಸಿದುಕೊಂಡರು.

ನಗು ತಗ್ಗಿದ ಮೇಲೆ ಟೀಚರ್ ಎದ್ದರು. ಈಗಲಾದರೂ ವೋಟು ಕೇಳುತ್ತಾರೆ ಎಂದು ನಾನು ಕಾದೆ. ಒಂಬತ್ತು ಮಂದಿ, ಓಡಿಹೋಗಲು ದಾರಿಯಿಲ್ಲ, ಇಂಥ ಅವಕಾಶ ಯಾವ ಅಭ್ಯರ್ಥಿಗೆ ಸಿಗುತ್ತದೆ?

"ಶಿವಣ್ಣ, ಎಷ್ಟು ಮಕ್ಕಳು ನಿಮ್ಗೆ?"

"ಎರಡು, ಟೀಚರ್. ಇಬ್ರೂ ಹೆಣ್ಣೈಕ್ಳು."

"ಕನ್ನಡ ಓದ್ತಾರಾ?"

ಶಿವಣ್ಣನ ದನಿ ಇಳಿಯಿತು. "ಇಲ್ಲ. ಊರಿಂದ ಅವ್ರಜ್ಜಿ ಕಾಗ್ದ ಬರೀತದೆ. ನಾನೇ ಓದಿ ಹೇಳ್ಬೇಕು."

"ಕ್ಲಾಸಿಗೆ ಯಾಕೆ ಕಳಿಸಲ್ಲ?"

"ಗಾಡಿ ಇಲ್ಲ ಟೀಚರ್. ಶುಕ್ರವಾರ ಬಸ್ಸೂ ಸರಿಯಾಗ್ ಸಿಗಲ್ಲ."

ಒಬ್ಬೊಬ್ಬರನ್ನೇ ಕೇಳುತ್ತ ಹಿಂದಿನ ಸೀಟಿನವರೆಗೂ ಹೋದರು. ಒಂಬತ್ತರಲ್ಲಿ ಎಂಟು ಮಂದಿಯದು ಅದೇ ಉತ್ತರ, ಗಾಡಿ ಇಲ್ಲ. "ಬರ್ಕೊಳ್ಳಿ ಹಮೀದ್ ಅವ್ರೇ" ಎಂದರು. ವೋಟರುಗಳ ಟ್ರಿಪ್ ಶೀಟನ್ನು ಮಗುಚಿ ಬರೆದುಕೊಂಡೆ. ಮಗುವಿನ ಹೆಸರು, ಎಲ್ಲಿಂದ ಎತ್ತಬೇಕು, ಎಷ್ಟು ಗಂಟೆಗೆ. ಮೊದಲ ಸಲ ಕನ್ನಡ ಅಕ್ಷರದಲ್ಲಿ ಟ್ರಿಪ್ ಶೀಟ್. ಬಸ್ಸು ಕುಲುಕುತ್ತಿತ್ತು, ಒತ್ತಕ್ಷರ ಎಲ್ಲೆಲ್ಲೋ ಬಿದ್ದವು.

ಅಷ್ಟರಲ್ಲಿ ಅಶ್ರಫ್ ನನ್ನನ್ನು ಕೇಳದೆ ಪರದೆಯ ಮಾತು ಕೇಳಿ ಬಸ್ಸು ತಿರುಗಿಸಿದ್ದ. ದಾರಿಯಲ್ಲಿ ಕಾಮಗಾರಿ, ವಾಹನಗಳ ಸಾಲು. ವಿಲ್ಲಾದ ಮುಂದೆ ಬ್ರೇಕು ಹಾಕಿದಾಗ ಐದಕ್ಕೆ ಮೂರು ನಿಮಿಷ. "ಯಲ್ಲಾ, ಯಲ್ಲಾ!" ಎಂದು ಎಲ್ಲರನ್ನೂ ದಬ್ಬಿದೆ. ಟೀಚರ್ ಸೀರೆ ಎತ್ತಿ ಓಡಿದರು, ಅಶ್ರಫ್ ನೀರು ಕುಡಿಯಲು ಓಡಿದ. ಗೇಟಿನಲ್ಲಿ ಶಿವಣ್ಣ ಮೊಯ್ದಿನಾಕರ ಕೈ ಹಿಡಿದು ಎಳೆಯುತ್ತಿದ್ದ. ಹದಿನಾರು, ಒಂಬತ್ತು, ಟೀಚರ್. ಟಿಕ್, ಟಿಕ್, ಎಲ್ಲ ಟಿಕ್. ನನ್ನ ಜೀವನದ ಅತ್ಯುತ್ತಮ ಟ್ರಿಪ್!

ಆಮೇಲೆ ನಿಯಮದಂತೆ ಹಿಂದಿನ ಸೀಟಿನವರೆಗೂ ನಡೆದೆ. ಪ್ರತಿ ಸೀಟಿನ ಕೆಳಗೆ ಬಗ್ಗಿ ನೋಡಿದೆ. ಒಂದು ಸ್ಟೀಲು ಟಿಫಿನ್ ಡಬ್ಬಿ ಸಿಕ್ಕಿತು. ಡಬ್ಬಿ ಹಿಡಿದು, ಬಾಗಿಲು ಹಾಕಿ, ಎಳೆದು ನೋಡಿ, ಗುನುಗುತ್ತ ಗೇಟು ದಾಟಿದೆ. ಮತದಾನದ ಹಾಲ್‌ನ ಬಾಗಿಲು ಹಾಕಿತ್ತು. ಒಳಗೆ ಎಲ್ಲ ವೋಟು ಹಾಕುತ್ತಿದ್ದಾರೆ, ಒಳ್ಳೆಯದೇ ಆಯಿತು ಎಂದು ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡೆ.

ಎಣಿಕೆಯಾಯಿತು. ಐವತ್ತೆಂಟು, ಐವತ್ತೆಂಟು. ಸಮ!

ಹದಿನಾರರಿಂದ ಐವತ್ತೆಂಟು. ನಾನು ಕುಣಿದುಬಿಟ್ಟೆ. ಮೊಯ್ದಿನಾಕ ನನ್ನ ಭುಜ ಹಿಡಿದು ನಿಲ್ಲಿಸಿದರು.

"ಹಮೀದಾಕ, ನಿಮ್ಮದು ಯಾವಾಗ ಹಾಕಿದ್ರಿ?"

"ಎಂತದ್ದು?"

"ವೋಟು, ಮಾರಾಯ್ರೆ. ವೋಟು."

ಟ್ರಿಪ್ ಶೀಟ್ ತೆಗೆದು ನೋಡಿದೆ. ಎಲ್ಲರ ಹೆಸರಿತ್ತು. ನನ್ನದಿರಲಿಲ್ಲ. ಇಪ್ಪತ್ತೇಳು ವರ್ಷ ಯಾವ ಶೀಟಿನಲ್ಲೂ ಇರಲಿಲ್ಲ. ಬಸ್ಸು ಕಳಿಸುವವನು ಪ್ರಯಾಣಿಕನಲ್ಲವಲ್ಲ. ಟೀಚರ್ ನನ್ನ ಮುಖ ನೋಡಿದರು, ಕೈಯಲ್ಲಿದ್ದ ಟಿಫಿನ್ ಡಬ್ಬಿ ನೋಡಿದರು. ಒಂದು ಕ್ಷಣ ಅವರ ಕಣ್ಣು ತುಂಬಿತೋ ಎಂದು ಹೆದರಿದೆ. ಅವರು ನಗು ತಡೆಯಲಾಗದೆ ಗೋಡೆಗೆ ಒರಗಿದರು.

ಡಾಕ್ಟರು ಚೀಟಿ ಎತ್ತೋಣ ಎಂದರು. ಚೀಟಿ ಹಾಕಲು ಪಾತ್ರೆ ಬೇಕಲ್ಲ. ನನ್ನ ಕೈಯಿಂದ ಅದೇ ಡಬ್ಬಿ ಇಸಿದುಕೊಂಡರು. ಅದು ಶಿವಣ್ಣನದಂತೆ, ಒಳಗೆ ಅರ್ಧ ಚಪಾತಿ ಇತ್ತು. ಚಪಾತಿ ತೆಗೆದು ಎರಡು ಚೀಟಿ ಹಾಕಿ ಅಲ್ಲಾಡಿಸಿ ಒಂದನ್ನು ಎತ್ತಿದರು. ರಾಜಶೇಖರ್. ನಾನು ಹೊರಗೆ ಹೋಗಿ ಬಸ್ಸಿನ ಮರೆಯಲ್ಲಿ ನಿಂತು ಅತ್ತೆ. ಹೇಳಿಬಿಡುತ್ತೇನೆ, ಅತ್ತೆ. ಕೋಣೆ ಹೋಯಿತು, ಅದೂ ನನ್ನಿಂದ.

ಮುಂದಿನ ಶುಕ್ರವಾರ ಕೊನೆಯ ತರಗತಿ ಎಂದು ಹೋದೆ. ಅದಕ್ಕೆ ಮೊದಲು, ಬರೆದದ್ದು ವ್ಯರ್ಥವಾಗಬಾರದೆಂದು ಶೀಟಿನ ಹಿಂಬದಿ ಹಿಡಿದು ನಾಲ್ಕು ದಿನ ಫೋನು ಮಾಡಿದ್ದೆ. ಯಾರ ಬಳಿ ಕಾರಿದೆ, ಯಾರ ದಾರಿಯಲ್ಲಿ ಯಾರ ಮನೆ ಬರುತ್ತದೆ, ಅಷ್ಟೇ. ಬಸ್ಸು ಕಳಿಸುವವನಿಗೆ ಇದು ಎಡಗೈ ಕೆಲಸ. ಮೊಯ್ದಿನಾಕ ತಮ್ಮ ಮಗನ ಜೊತೆ ಶಿವಣ್ಣನ ಇಬ್ಬರು ಹೆಣ್ಣುಮಕ್ಕಳನ್ನೂ ಕರೆತಂದರು. ಅಶ್ರಫ್ ತನ್ನ ಗೆಳೆಯನ ಕಾರಿನಲ್ಲಿ ನಾಲ್ಕು ಮಕ್ಕಳನ್ನು ತಂದ, ಪರದೆ ನೋಡಿಕೊಂಡೇ. ಒಂದರ ಹಿಂದೆ ಒಂದು ಗಾಡಿ. ಮಕ್ಕಳು ಇಪ್ಪತ್ತಮೂರು. ಬೆಂಚು ಸಾಲದೆ ಕೆಲವರು ಚಾಪೆಯ ಮೇಲೆ. ಬಿಡಲು ಬಂದ ಅಪ್ಪಂದಿರು ಗೋಡೆಗೆ ಒರಗಿ ನಿಂತರು, ಶಿವಣ್ಣ ಬಾಗಿಲಲ್ಲಿ.

ಹತ್ತಕ್ಕೆ ರಾಜಶೇಖರ್ ಸರ್ ಸ್ಟುಡಿಯೋ ಅಳತೆಗೆ ಬಂದರು. ಕೈಯಲ್ಲಿ ಟೇಪು. ಬಾಗಿಲಲ್ಲಿ ನಿಂತು ಗೋಡೆಗೆ ಒರಗಿದ್ದವರ ಒಂದೊಂದೇ ಮುಖ ನೋಡಿದರು. ನನ್ನ ಬಳಿ ಬಂದು ಪಿಸುಗುಟ್ಟಿದರು.

"ಹಮೀದ್ ಭಾಯ್, ಇವ್ರೆಲ್ಲಾ ನಮ್ಮವ್ರಲ್ವಾ?"

"ಹೌದು ಸಾರ್. ಎಲ್ಲ ನಿಮ್ಮ ವೋಟೇ."

ಶಿವಣ್ಣ ಬಾಗಿಲಿನಿಂದ, "ರೂಮು ಚೆನ್ನಾಗೈತೆ ಸಾರ್. ಸಂಘ ಅಂದ್ರೆ ಹಿಂಗಿರ್ಬೇಕು" ಎಂದ. ಅವನ ಮೆಲುದನಿಗೂ ಕಿಟಕಿ ಗಾಜು ಅದುರಿತು. ರಾಜಶೇಖರ್ ಸರ್ ಟೇಪನ್ನು ನೋಡಿದರು, ಮಕ್ಕಳನ್ನು ನೋಡಿದರು. ಆಮೇಲೆ ಬಗ್ಗಿ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ನನ್ನ ಕೈಗೆ ಕೊಟ್ಟು, "ಹಿಡ್ಕೊಳ್ಳಿ, ಇನ್ನೂ ನಾಲ್ಕು ಬೆಂಚು ಹಿಡಿಯುತ್ತೆ ಅನ್ಸುತ್ತೆ" ಎಂದರು. ಆ ಕ್ಷಣ ನಾನು ಚುನಾವಣೆ ಮತ್ತೊಮ್ಮೆ ನಡೆದರೆ ಈ ಮನುಷ್ಯನಿಗೇ ವೋಟು ಹಾಕಬಹುದೇನೋ ಅಂದುಕೊಂಡೆ. ಹಾಕಲು ನೆನಪಿದ್ದರೆ.

ಹೊಸಬರೇ, ಪರದೆಯ ಮಾತು ಕೇಳಿ, ರೌಂಡಬೌಟು ಮರೆತುಬಿಡಿ. ಬಿಸಿಲಲ್ಲಿ ನಿಂತವನನ್ನು ಹತ್ತಿಸಿಕೊಳ್ಳಿ, ಅವನು ಯಾರ ವೋಟೇ ಆಗಿರಲಿ. ಸೀಟಿನ ಕೆಳಗೆ ನೋಡುವುದನ್ನು ಬಿಡಬೇಡಿ. ಆದರೆ ತಲೆ ಎಣಿಸುವಾಗ ನಿಮ್ಮ ತಲೆಯನ್ನೂ ಸೇರಿಸಿಕೊಳ್ಳಿ.

ಅಂದು ಟೀಚರ್ ಹಾಜರಿ ಕರೆದರು. ಹೊಸ ಪುಸ್ತಕ, ಹೊಸ ಹೆಸರುಗಳು. ಇಪ್ಪತ್ತಮೂರು ಮುಗಿದ ಮೇಲೆ ಕನ್ನಡಕದ ಮೇಲಿನಿಂದ ಹಿಂದಿನ ಬೆಂಚಿನ ಕಡೆ ನೋಡಿದರು.

"ಇಪ್ಪತ್ತನಾಲ್ಕು. ಹಮೀದ್?"

ನಾನು ಎದ್ದು ನಿಂತೆ. ಕೈಯಲ್ಲಿ ಇನ್ನೂ ಟೇಪಿನ ತುದಿ ಇತ್ತು.

"ಹಾಜರ್, ಟೀಚರ್!" ಎಂದು ಶಿವಣ್ಣನಿಗಿಂತ ಜೋರಾಗಿ ಕೂಗಿದೆ.